ಕಾಲ್ಪನಿಕ ಸರ್ಕ್ಯೂಟ್: 7.4 ಕಿಮೀ, 24 ತಿರುವು. ಏನು ತೆಗೆಯಲಿ, ಏನು ಉಳಿಸಲಿ?

ಕಾಗದದ_ಚಾಲಕ:
ಸಿಮ್ಯುಲೇಟರ್‌ನಲ್ಲಿ ಓಡಿಸೋಕೆ ಅಂತ ಒಂದು ಸರ್ಕ್ಯೂಟ್ ಬರೆಯುತ್ತಿದ್ದೇನೆ. ಹೆಸರು ‘ಹದ್ದಿನಕಲ್ಲು’. ಪೂರ್ತಿ ಕಲ್ಪನೆ, ನಕ್ಷೆಯಲ್ಲಿ ಹುಡುಕಬೇಡಿ. ಫಾರ್ಮುಲಾ ಒನ್ ಕಾರುಗಳಿಗೆ ಅಂತ ಇಟ್ಟುಕೊಳ್ಳಿ. ಗಡಿಯಾರದ ದಿಕ್ಕಿನಲ್ಲಿ ಓಟ.

ಸ್ಟಾರ್ಟ್ ಗೆರೆಯಿಂದ 180 ಮೀಟರ್‌ಗೆ ಬಲಕ್ಕೆ ಹೇರ್‌ಪಿನ್ (ಪೂರ್ತಿ ಹಿಂದಕ್ಕೆ ಹೊರಳೋ ತಿರುವು), ಹೆಸರು ‘ಕಿವಿಹಿಂಡಿ’. ಅಲ್ಲಿಂದ ಬೆಲ್ಜಿಯಂನ ಸ್ಪಾ ಸರ್ಕ್ಯೂಟ್‌ನ ಓ ರೂಜ್ ಥರ ಏರು, 400 ಮೀಟರ್ ದೂರದಲ್ಲಿ 60 ಮೀಟರ್ ಎತ್ತರ. ನೆತ್ತಿ ದಾಟಿದ ಕೂಡಲೇ ಎಡಕ್ಕೆ ಜೋರು ಬ್ರೇಕ್. ಆಮೇಲೆ ಜಪಾನಿನ ಸುಜುಕಾದ ಎಸ್ ತಿರುವುಗಳು (ಎಡ-ಬಲ ಹೊರಳೋ ಸಾಲು), ಅಮೆರಿಕದ ಲಗುನಾ ಸೆಕಾದ ಕಾರ್ಕ್‌ಸ್ಕ್ರೂ ಥರ ತಿರುಗುತ್ತಾ ಧುಮುಕು. ನಂತರ 2.4 ಕಿಮೀ ನೇರ ದಾರಿ. ಇಸ್ತಾಂಬುಲ್‌ನ 8ನೇ ತಿರುವಿನ ಹಾಗೆ ನಾಲ್ಕು ಏಪೆಕ್ಸ್‌ನ (ಕಾರು ಒಳ ಅಂಚಿಗೆ ತಾಗೋ ಬಿಂದು) ಉದ್ದ ತಿರುವು, ಒಂದು ಶಿಕೇನ್ (ವೇಗ ಇಳಿಸೋಕೆ ಇಡೋ ಎಡ-ಬಲ ತಿರುವು), ಕೊನೆಗೆ ನೆದರ್ಲೆಂಡ್ಸ್‌ನ ಝಾಂಡ್‌ವೋರ್ಟ್ ಥರ ಬ್ಯಾಂಕಿಂಗ್ (ಒಳಕ್ಕೆ ವಾಲಿದ ತಿರುವು). ಒಳ್ಳೊಳ್ಳೆ ತಿರುವುಗಳೆಲ್ಲ ಒಂದೇ ಕಡೆ ಇವೆ. ಆದರೂ ಓಡಿಸಿದರೆ ಮಜಾ ಬರುತ್ತಿಲ್ಲ. ಯಾಕೆ?

ಗೆರೆಗಾರ:
ಯಾಕಂದ್ರೆ ಇದು ತಿರುವುಗಳ ಪಟ್ಟಿ ಆಯ್ತು, ಸರ್ಕ್ಯೂಟ್ ಆಗಿಲ್ಲ. ಸುಜುಕಾದ ಎಸ್ ತಿರುವು ಚೆನ್ನಾಗಿರೋದು ಅದು ಸುಜುಕಾದಲ್ಲಿ ಇರೋ ಜಾಗದಿಂದ. ಮೊದಲ ತಿರುವಿನ ವೇಗವನ್ನು ಹೊತ್ತುಕೊಂಡೇ ಅದರೊಳಗೆ ನುಗ್ಗಬೇಕು, ನೆಲವೂ ಏರುತ್ತಾ ಹೋಗುತ್ತದೆ. ನೀವು ಅದನ್ನು ಜೋರು ಬ್ರೇಕ್ ಹಾಕಿಸೋ ತಿರುವಿನ ಹಿಂದೆ ಇಟ್ಟಿದ್ದೀರಿ. ಅಲ್ಲಿಗೆ ಬರುವ ಹೊತ್ತಿಗೆ ಕಾರಿನಲ್ಲಿ ಹೊತ್ತು ತರೋಕೆ ವೇಗವೇ ಉಳಿದಿಲ್ಲ.

ಇನ್ನೊಂದು. ಎಸ್ ತಿರುವುಗಳಲ್ಲಿ ಹಿಂದಿನ ಕಾರಿಗೆ ಮುಂದಿನದರ ಕಲಕಿದ ಗಾಳಿ ಸಿಗುತ್ತದೆ. ಡೌನ್‌ಫೋರ್ಸ್ (ಗಾಳಿ ಕಾರನ್ನು ನೆಲಕ್ಕೆ ಒತ್ತೋ ಬಲ) ಕಮ್ಮಿಯಾಗಿ ಅದು ಹಿಂದೆ ಬೀಳುತ್ತದೆ. ಆಮೇಲೆ 2.4 ಕಿಮೀ ನೇರ ದಾರಿ ಕೊಟ್ಟು ಏನು ಉಪಯೋಗ? ಸ್ಲಿಪ್‌ಸ್ಟ್ರೀಮ್ (ಮುಂದಿನ ಕಾರಿನ ಹಿಂದೆ ಗಾಳಿಯ ತಡೆ ಕಮ್ಮಿ ಇರೋ ಜಾಗ) ಹಿಡಿಯೋಕೆ ಹತ್ತಿರ ಯಾರೂ ಇರಲ್ಲ. ಮೊದಲು ನಿಧಾನ ತಿರುವು, ಆಮೇಲೆ ನೇರ ದಾರಿ ಇಡಿ.

ಸಿವಿಲ್_ಮೇಷ್ಟ್ರು:
ಮೊದಲು ನಿಯಮದ ಮಾತು ಮುಗಿಸೋಣ. ಎಫ್‌ಐಎ (ಜಾಗತಿಕ ಮೋಟಾರ್ ರೇಸ್ ಸಂಸ್ಥೆ) ಮಾರ್ಗಸೂಚಿ ಪ್ರಕಾರ ಹೊಸ ಸರ್ಕ್ಯೂಟ್ 7 ಕಿಮೀ ದಾಟಬಾರದು, ನೇರ ದಾರಿ 2 ಕಿಮೀ ದಾಟಬಾರದು. ಅಗಲ ಕನಿಷ್ಠ 12 ಮೀಟರ್, ಗ್ರಿಡ್ (ಹೊರಡೋಕೆ ಕಾರುಗಳು ಸಾಲಾಗಿ ನಿಲ್ಲೋ ಜಾಗ) ಇರುವಲ್ಲಿ 15. ಸ್ಟಾರ್ಟ್ ಗೆರೆಯಿಂದ ಮೊದಲ ತಿರುವಿಗೆ ಕನಿಷ್ಠ 250 ಮೀಟರ್ ಬೇಕು. ನಿಮ್ಮ ಕಿವಿಹಿಂಡಿ 180ಕ್ಕೇ ಬಂತು. ಗ್ರಿಡ್‌ನಲ್ಲಿ ಕಾರಿನಿಂದ ಕಾರಿಗೆ 8 ಮೀಟರ್ ಅಂತರ, 22 ಕಾರು ಅಂದರೆ ಸುಮಾರು 170 ಮೀಟರ್ ಸಾಲು. ಮುಂದಿನವನು ಬ್ರೇಕ್ ಹಾಕುವಾಗ ಹಿಂದಿನವನು ಇನ್ನೂ ಗೇರ್ ಏರಿಸುತ್ತಾ ಇರುತ್ತಾನೆ. ಮೊದಲ ಲ್ಯಾಪ್‌ನಲ್ಲೇ ಅರ್ಧ ಕಾರು ಗ್ಯಾರೇಜಿಗೆ.

ಹಳೇ_ಗೇರ್:
ಸಿಮ್ಯುಲೇಟರ್‌ಗೆ ಯಾವ ಎಫ್‌ಐಎ ಮಾರಾಯ್ರೆ! ಕಲ್ಪನೆಗೂ ಲೈಸೆನ್ಸ್ ಬೇಕಾ? ಬಾಕುನಲ್ಲಿ 2.2 ಕಿಮೀ ಫುಲ್ ಥ್ರಾಟಲ್ ಇದೆ, ಕೋಟೆ ಗೋಡೆ ಪಕ್ಕ ರಸ್ತೆ 7.6 ಮೀಟರ್ ಅಷ್ಟೇ. ಅಲ್ಲೂ ರೇಸ್ ನಡೀತಿದೆ ತಾನೇ?

ಸಿವಿಲ್_ಮೇಷ್ಟ್ರು:
ಬಾಕುವಿನ ಆ 2.2 ಕಿಮೀ ಒಂದೇ ಗೆರೆಯಲ್ಲಿ ಇಲ್ಲ, ಮಧ್ಯೆ ಬಾಗುತ್ತದೆ. ಅದು ಊರೊಳಗಿನ ರಸ್ತೆ, ಇದ್ದದ್ದನ್ನು ಬಳಸಿಕೊಂಡಿದ್ದಾರೆ. ಇವರು ಖಾಲಿ ಗುಡ್ಡದಲ್ಲಿ ಹೊಸದಾಗಿ ಬರೆಯುತ್ತಿದ್ದಾರೆ. ಕಲ್ಪನೆಗೆ ಲೈಸೆನ್ಸ್ ಬೇಡ ಸರ್, ಗುರುತ್ವಾಕರ್ಷಣೆ ಮಾತ್ರ ಆಟದೊಳಗೂ ಇರುತ್ತದೆ.

ಅದಕ್ಕೇ ಆ ಏರಿನ ಲೆಕ್ಕ ಹಾಕಿದೆ. 400 ಮೀಟರ್‌ಗೆ 60 ಅಂದರೆ 15 ಶೇಕಡಾ ಏರು. ಅದು ಸಮಸ್ಯೆ ಅಲ್ಲ. ಸಮಸ್ಯೆ ಇರೋದು ನೆತ್ತಿಯಲ್ಲಿ. ಫೈಲ್ ತೆಗೆದು ನೋಡಿದೆ, ಅಲ್ಲಿನ ಉಬ್ಬಿನ ರೇಡಿಯಸ್ 1,000 ಮೀಟರ್ ಇದೆ. 260 ಕಿಮೀ ವೇಗದಲ್ಲಿ ಆ ಉಬ್ಬು ದಾಟಿದರೆ ಕಾರಿನ ತೂಕದಲ್ಲಿ ಸುಮಾರು ಅರ್ಧ ಮಾಯ. ಸರಿಯಾಗಿ ಆ ಜಾಗದಲ್ಲೇ ನೀವು ಬ್ರೇಕ್ ಹಾಕಿಸುತ್ತೀರಿ. ಟೈರ್‌ಗೆ ಹಿಡಿತ ಎಲ್ಲಿಂದ ಬರಬೇಕು? ರೇಡಿಯಸ್ 4,000ಕ್ಕೆ ಏರಿಸಿದರೆ ತೂಕ ಹಗುರಾಗೋದು ಎಂಟನೇ ಒಂದು ಭಾಗದಷ್ಟು ಮಾತ್ರ. ಆದರೆ 15 ಶೇಕಡಾ ಏರಿನಿಂದ ಸಮತಟ್ಟಿಗೆ ಬರೋಕೆ ಆಗ 600 ಮೀಟರ್ ಬೇಕು. ನಿಮ್ಮ ಏರೇ 400. ಹೇಗೆ ಹಿಡಿಸುತ್ತೀರಿ?

ಕಾಗದದ_ಚಾಲಕ:
ಅಂದರೆ ಏರನ್ನೇ ಬಿಡಬೇಕಾ? ನನಗೆ ಹದ್ದಿನಕಲ್ಲು ಅಂದರೆ ಆ ಏರೇ. ಅದನ್ನು ಬಿಡಲ್ಲ.

ಸಿವಿಲ್_ಮೇಷ್ಟ್ರು:
ಬಿಡಬೇಡಿ. ಎಡ ತಿರುವನ್ನು ನೆತ್ತಿಯ ಈಚೆಗೆ ತನ್ನಿ. ಏರುವಾಗಲೇ ಬ್ರೇಕ್ ಹಾಕಲಿ. ಏರಿನಲ್ಲಿ ಕಾರು ತಾನೇ ನಿಧಾನ ಆಗುತ್ತದೆ, ಬ್ರೇಕ್ ದೂರ ಕಮ್ಮಿ ಸಾಕು. ನೆತ್ತಿ ದಾಟುವಾಗ ವೇಗ 100ರ ಆಸುಪಾಸು ಇದ್ದರೆ 1,000 ಮೀಟರ್ ಉಬ್ಬು ಏನೂ ಮಾಡಲ್ಲ. ಅಮೆರಿಕದ ಆಸ್ಟಿನ್ ಸರ್ಕ್ಯೂಟ್‌ನ ಮೊದಲ ತಿರುವು ನೋಡಿ. ಸುಮಾರು 40 ಮೀಟರ್ ಎತ್ತರ ಏರಿ, ನೆತ್ತಿಯಲ್ಲಿ ಎಡಕ್ಕೆ ತಿರುಗುತ್ತದೆ.

ಗೆರೆಗಾರ:
ಮತ್ತೆ ಆಸ್ಟಿನ್‌ನಲ್ಲಿ ಆ ತಿರುವಿನ ಪ್ರವೇಶ ಸಿಕ್ಕಾಪಟ್ಟೆ ಅಗಲ. ಒಬ್ಬ ಒಳಗಡೆಯಿಂದ ಹೋಗಬಹುದು, ಇನ್ನೊಬ್ಬ ಹೊರಗಡೆಯಿಂದ ಬಂದು ಹೊರಡುವಾಗ ಕತ್ತರಿಸಬಹುದು. ಬುದ್ಧ್ ಸರ್ಕ್ಯೂಟ್‌ನ 3ನೇ ತಿರುವನ್ನು ಅಗಲ ಮಾಡಿದ್ದೂ ಇದಕ್ಕೇ. ಎರಡು ದಾರಿ ಇಲ್ಲದ ತಿರುವಿನಲ್ಲಿ ಮೆರವಣಿಗೆ ಮಾತ್ರ ಸಾಧ್ಯ.

ಹಳೇ_ಗೇರ್:
ಎಲ್ಲದಕ್ಕೂ ಓವರ್‌ಟೇಕ್, ಓವರ್‌ಟೇಕ್! ಒಂದೊಂದು ಉದ್ದ ದಾರಿ, ತುದಿಗೊಂದು ಹೇರ್‌ಪಿನ್. ಹೊಸ ಸರ್ಕ್ಯೂಟ್‌ಗಳೆಲ್ಲ ಹೀಗೇ ಆಗಿಬಿಟ್ಟವು. ಮೊನಾಕೊದಲ್ಲಿ ಓವರ್‌ಟೇಕ್ ಇಲ್ಲ, ಆದರೂ ಶನಿವಾರದ ಕ್ವಾಲಿಫೈಯಿಂಗ್ ನೋಡೋಕೆ ಜೀವ ಬಾಯಿಗೆ ಬರುತ್ತೆ. ನರ್ಬರ್ಗ್‌ರಿಂಗ್‌ನ ಹಳೇ ಉದ್ದ ಟ್ರ್ಯಾಕ್ 20 ಕಿಮೀಗೂ ಜಾಸ್ತಿ, 300 ಮೀಟರ್ ಏರಿಳಿತ. ಇವತ್ತಿಗೂ ಸಿಮ್ಯುಲೇಟರ್‌ನಲ್ಲಿ ಜನ ಒಬ್ಬೊಬ್ಬರೇ ಕೂತು ಅದನ್ನೇ ಓಡಿಸುತ್ತಾರೆ. ಮುಂದೆ ಕಾರೂ ಬೇಡ, ಹಿಂದೆ ಕಾರೂ ಬೇಡ. ಚಾಲಕನಿಗೂ ರಸ್ತೆಗೂ ನಡೆಯೋ ಜಗಳ ಸಾಕು.

ಗೆರೆಗಾರ:
ಒಬ್ಬರೇ ಓಡಿಸೋಕಾದರೆ ನಿಮ್ಮ ಮಾತು ಒಪ್ಪುತ್ತೇನೆ. ಇವರು 22 ಕಾರು ಬಿಡ್ತಾರಂತೆ. ಮೊನಾಕೊ ಹೊಸದಾಗಿ ಇವತ್ತು ಅರ್ಜಿ ಹಾಕಿದ್ರೆ ಯಾರೂ ಒಪ್ಪುತ್ತಿರಲಿಲ್ಲ. ಅದರ ಹೆಸರೇ ಅದನ್ನು ಕಾಪಾಡುತ್ತಿದೆ.

ಉದ್ದದ ವಿಷಯಕ್ಕೆ ಬಹರೈನ್ ನೆನಪಿಸಿಕೊಳ್ಳಿ. 2010ರಲ್ಲಿ 5.4 ಕಿಮೀ ಇದ್ದದ್ದನ್ನು 6.3 ಮಾಡಿದರು. ಸೇರಿಸಿದ ಭಾಗ ಪೂರ್ತಿ ನಿಧಾನ, ಸುತ್ತುಬಳಸು. ರೇಸ್ ಬೋರ್ ಹೊಡೆಯಿತು, ಮುಂದಿನ ರೇಸ್‌ಗೆ ಹಳೇ ದಾರಿಗೇ ಮರಳಿದರು. ಉದ್ದ ಜಾಸ್ತಿ ಆದರೆ ಲ್ಯಾಪ್ ಕಮ್ಮಿ. ರೇಸ್ ದೂರ 305 ಕಿಮೀ ದಾಟಿದರೆ ಸಾಕು. ನಿಮ್ಮ 7.4ಕ್ಕೆ 42 ಲ್ಯಾಪ್. 5.6 ಮಾಡಿದರೆ 55. ದಾಟೋ ಜಾಗ ಒಂದೇ ಇದ್ದರೂ 13 ಅವಕಾಶ ಜಾಸ್ತಿ ಸಿಗ್ತು.

ಕರ್ಬ್‌ಕಳ್ಳ:
ಗೆರೆಗಾರ ಅವರೇ, ‘ನಿಧಾನ ತಿರುವು, ಆಮೇಲೆ ನೇರ ದಾರಿ’ ಅನ್ನೋದನ್ನು ಮಂತ್ರ ಮಾಡ್ಕೊಬೇಡಿ. ಒಂದು ಸೆಕೆಂಡ್ ಅಂತರ ಅಂದರೆ 80 ಕಿಮೀ ವೇಗದಲ್ಲಿ 22 ಮೀಟರ್. ಅದೇ ಒಂದು ಸೆಕೆಂಡ್ 300ರಲ್ಲಿ 83 ಮೀಟರ್. ಹೇರ್‌ಪಿನ್‌ನಲ್ಲಿ ಬಾಲ ಹಿಡಿದ ಹಾಗೆ ಕಾಣುತ್ತೆ, ಮುಂದಿನವನು ಮೊದಲು ಥ್ರಾಟಲ್ ಒತ್ತಿದ ತಕ್ಷಣ ಮತ್ತೆ ಎಳೆದುಕೊಂಡು ಹೋಗ್ತಾನೆ. ಹತ್ತಿರ ಬಂದದ್ದು ಕಣ್ಣಿಗೆ ಮಾತ್ರ.

ನಿಜವಾಗಿ ಬೇಕಾಗಿರೋದು ಮುಂದಿನವನು ಎಡವೋ ತಿರುವು. ಹೊರಗಡೆಗೆ ಇಳಿಜಾರು ಇರೋ ಮಧ್ಯಮ ವೇಗದ ತಿರುವು ಒಂದು ಇಡಿ. ಥ್ರಾಟಲ್ ಸ್ವಲ್ಪ ಬೇಗ ಒತ್ತಿದರೂ ಹಿಂದಿನ ಚಕ್ರ ಜಾರಬೇಕು. ಅವನು ಅಲ್ಲಿ ಎರಡು ಸಲ ಸ್ಟೀರಿಂಗ್ ಸರಿ ಮಾಡಿಕೊಳ್ಳೋಷ್ಟರಲ್ಲಿ ಹಿಂದಿನವನು ಸ್ಲಿಪ್‌ಸ್ಟ್ರೀಮ್ ಒಳಗೆ ಬಂದಿರ್ತಾನೆ.

ಗೆರೆಗಾರ:
ಅದನ್ನು ಒಪ್ಪುತ್ತೇನೆ. ಆದರೂ ನಿಧಾನ ತಿರುವಿಗೆ ಒಂದು ಲಾಭ ಇದ್ದೇ ಇದೆ. ಆ ವೇಗದಲ್ಲಿ ಡೌನ್‌ಫೋರ್ಸ್‌ನ ಪಾತ್ರ ಕಮ್ಮಿ, ಕಲಕಿದ ಗಾಳಿಯ ಕಾಟವೂ ಕಮ್ಮಿ. ಕಾರ್ಕ್‌ಸ್ಕ್ರೂ ಧುಮುಕಿದ ಮೇಲೆ ಬರುವ ಬಲ ತಿರುವಿಗೆ ನೀವು ಹೇಳಿದ ಹೊರ ಇಳಿಜಾರು ಕೊಟ್ಟರೆ ಎರಡೂ ಆಯ್ತು.

ಕಾಗದದ_ಚಾಲಕ:
ಡಿಆರ್‌ಎಸ್ ಜಾಗ (ಹಿಂದಿನ ರೆಕ್ಕೆ ತೆರೆದು ವೇಗ ಹೆಚ್ಚಿಸಿಕೊಳ್ಳೋ ಜಾಗ) ಹಾಕಿದರೆ ಸಾಕಲ್ವಾ? ಇಷ್ಟೆಲ್ಲಾ ತಲೆನೋವು ಯಾಕೆ?

ಕರ್ಬ್‌ಕಳ್ಳ:
ಡಿಆರ್‌ಎಸ್ 2011ರಲ್ಲಿ ಬಂತು, 2026ರಲ್ಲಿ ಹೋಯ್ತು ಗುರು. ಕಾರಿನ ನಿಯಮ ನಂಬಿಕೊಂಡು ನೆಲ ಬರೆದರೆ ಐದು ವರ್ಷಕ್ಕೊಮ್ಮೆ ಅಗೆಯಬೇಕಾಗುತ್ತೆ.

ಹಳದಿ_ಬಾವುಟ:
ಮಾರ್ಷಲ್ ಆಗಿ ಕೆಲಸ ಮಾಡಿದವನ ಕಣ್ಣಿಂದ ಎರಡು ಮಾತು. ಆ ಧುಮುಕಿನ ಮೇಲಿಂದ ಕೆಳಗೆ ಏನೂ ಕಾಣಲ್ಲ. ಕೆಳಗೆ ಒಂದು ಕಾರು ಅಡ್ಡ ನಿಂತಿದೆ ಅಂದ್ಕೊಳ್ಳಿ. ಮೇಲಿಂದ ಬರೋನಿಗೆ ಬಾವುಟ ಎಲ್ಲಿ ತೋರಿಸ್ತೀರಿ? ನೆತ್ತಿಗಿಂತ ಮೊದಲೇ ಒಂದು ಪೋಸ್ಟ್ ಬೇಕು. ಅಲ್ಲಿರೋನಿಗೆ ಕೆಳಗಿನ ಪೋಸ್ಟ್ ಕಾಣಬೇಕು. ಇಲ್ಲಾಂದ್ರೆ ಎರಡೂ ಕಡೆ ದೀಪದ ಫಲಕ ಇಡಿ. ಜೆಡ್ಡಾದಲ್ಲಿ ಕಣ್ಣಿಗೆ ಬೀಳದ ತಿರುವುಗಳು ಜಾಸ್ತಿ ಅಂತ ಆಮೇಲೆ ಗೋಡೆಗಳನ್ನೇ ಹಿಂದಕ್ಕೆ ಸರಿಸಿದರು.

ಇನ್ನು ಕಾರು ಎತ್ತೋ ಕ್ರೇನ್, ಆಂಬುಲೆನ್ಸ್ ಬರೋಕೆ ಟ್ರ್ಯಾಕ್ ಪಕ್ಕ ಒಂದು ದಾರಿ. ಚಿತ್ರ ಬರೆಯೋರು ಯಾರೂ ಅದನ್ನು ಹಾಕಲ್ಲ! ಅದನ್ನು ಹಾಕಿ ನೋಡಿ, ನಿಮ್ಮ ಗುಡ್ಡದಲ್ಲಿ ಜಾಗ ಎಷ್ಟು ಉಳಿಯುತ್ತೆ ಅಂತ ಗೊತ್ತಾಗುತ್ತೆ.

ಸಿವಿಲ್_ಮೇಷ್ಟ್ರು:
ಬಾವುಟದವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಮಳೆ ನೀರು. ಎಡ ತಿರುವಿನಲ್ಲಿ ರಸ್ತೆ ಎಡಕ್ಕೆ ವಾಲಿರುತ್ತದೆ, ಬಲ ತಿರುವಿನಲ್ಲಿ ಬಲಕ್ಕೆ. ಎಸ್ ತಿರುವಿನ ನಡುವೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುವಾಗ ಒಂದು ಜಾಗದಲ್ಲಿ ರಸ್ತೆ ಪೂರ್ತಿ ಮಟ್ಟ ಆಗುತ್ತದೆ. ಆ ಜಾಗ ಉದ್ದಕ್ಕೂ ಮಟ್ಟವಾಗಿದ್ದರೆ ನೀರು ಅಲ್ಲೇ ನಿಲ್ಲುತ್ತದೆ, ಕಾರು ನೀರಿನ ಮೇಲೆ ತೇಲುತ್ತದೆ. ಅದಕ್ಕೇ ಎಸ್ ತಿರುವುಗಳನ್ನು ಏರಿನಲ್ಲೋ ಇಳಿತದಲ್ಲೋ ಇಡಿ. ನೀವು ಗುಡ್ಡದ ತಲೆಯ ಸಮತಟ್ಟಿನಲ್ಲಿ ಇಟ್ಟಿದ್ದೀರಿ. ಸಿಮ್ಯುಲೇಟರ್‌ನಲ್ಲಿ ಮಳೆ ಆನ್ ಮಾಡಿದರೆ ಇದು ಗೊತ್ತಾಗದೇ ಇರಬಹುದು, ಆದರೆ ನೋಡಿದವರ ಕಣ್ಣಿಗೆ ನೆಲ ಸುಳ್ಳು ಅಂತ ತಟ್ಟುತ್ತದೆ.

ಮೂಲ ಸಮಸ್ಯೆ ಇದೇ ಅಂತ ನನಗನಿಸುತ್ತೆ. ನೀವು ಗೆರೆ ಮೊದಲು ಎಳೆದು ಆಮೇಲೆ ಕೆಳಗೆ ಗುಡ್ಡ ತುಂಬಿದ್ದೀರಿ. ತಿರುಗಿಸಿ ಮಾಡಿ. ಮೊದಲು ಗುಡ್ಡ, ಹಳ್ಳ, ಬಂಡೆ. ಅದರ ಮೇಲೆ ಎತ್ತರದ ರೇಖೆಗಳನ್ನು ಹಾಕಿ. ಆಮೇಲೆ ಪೆನ್ಸಿಲ್ ತೆಗೊಳ್ಳಿ.

ಕಾಗದದ_ಚಾಲಕ:
ಸರಿ, ಕೇಳಿ. ಕಿವಿಹಿಂಡಿಯನ್ನು 320 ಮೀಟರ್‌ಗೆ ತಳ್ಳಿದ್ದೇನೆ. ಎಡ ತಿರುವು ಏರಿನ ಮೇಲೆಯೇ ಬಂತು, ಪ್ರವೇಶ 20 ಮೀಟರ್ ಅಗಲ. ಎಸ್ ತಿರುವುಗಳನ್ನು ಗುಡ್ಡದ ಪಕ್ಕೆಯ ಇಳಿತಕ್ಕೆ ಹಾಕಿದೆ. ನೇರ ದಾರಿ 1.1 ಕಿಮೀ. ಶಿಕೇನ್ ಹೋಯ್ತು. ಒಟ್ಟು 5.6 ಕಿಮೀ, 16 ತಿರುವು. ಆ ನಾಲ್ಕು ಏಪೆಕ್ಸ್ ತಿರುವು ಮಾತ್ರ ಇರಲಿ, ಅದಕ್ಕೆ ಕೈ ಹಾಕಬೇಡಿ. ಈಗ ರನ್‌ಆಫ್ (ಟ್ರ್ಯಾಕ್ ತಪ್ಪಿದ ಕಾರಿಗೆ ಬಿಡೋ ಜಾಗ): ಡಾಂಬರೋ, ಜಲ್ಲಿಯೋ?

ಹಳೇ_ಗೇರ್:
ಜಲ್ಲಿ. ಇದರಲ್ಲಿ ಚರ್ಚೆ ಏನಿದೆ? ಡಾಂಬರಿದ್ರೆ ಹೊರಗೆ ಹೋದವನು ಆರಾಮಾಗಿ ಸುತ್ತಿ ವಾಪಸ್ ಬರ್ತಾನೆ. 2023ರ ಆಸ್ಟ್ರಿಯಾ ರೇಸ್ ನೆನಪಿದೆಯಲ್ಲ, ಗೆರೆ ದಾಟಿದ ಅನುಮಾನಕ್ಕೆ 1,200ಕ್ಕೂ ಜಾಸ್ತಿ ಪ್ರಕರಣ ಪರಿಶೀಲಿಸಬೇಕಾಯ್ತು. ರೇಸ್ ಮುಗಿದು ಗಂಟೆಗಟ್ಟಲೆ ಆದ ಮೇಲೆ ಫಲಿತಾಂಶ ಬದಲಾಯ್ತು. ಮರುವರ್ಷ ಕೊನೆಯ ಎರಡು ತಿರುವಿನ ಅಂಚಿಗೆ ಒಂದು ಪಟ್ಟಿ ಜಲ್ಲಿ ಹಾಕಿದರು. ತಕರಾರು ಹೆಚ್ಚುಕಮ್ಮಿ ನಿಂತೇಹೋಯ್ತು.

ಹಳದಿ_ಬಾವುಟ:
ಅಂಚಿಗೆ ಪಟ್ಟಿ ಸರಿ. ನಾಲ್ಕು ಏಪೆಕ್ಸ್ ತಿರುವಿನ ಹೊರಗೆ ಪೂರ್ತಿ ಜಲ್ಲಿ ಬೇಡ. ಅಲ್ಲಿ 270–280 ವೇಗ. ಅಡ್ಡಡ್ಡ ಜಾರಿಕೊಂಡು ಬಂದ ಕಾರಿನ ಚಕ್ರ ಜಲ್ಲಿಗೆ ಸಿಕ್ಕಿಕೊಂಡ್ರೆ ಪಲ್ಟಿ. ಡಾಂಬರಿನ ಮೇಲೆ ಬ್ರೇಕ್ ಆದರೂ ಹಿಡಿಯುತ್ತೆ. 200ರಲ್ಲಿ ಹೊರಟ ಕಾರಿಗಿಂತ 280ರಲ್ಲಿ ಹೊರಟ ಕಾರನ್ನು ನಿಲ್ಲಿಸೋಕೆ ಹೆಚ್ಚುಕಮ್ಮಿ ಎರಡರಷ್ಟು ದೂರ ಬೇಕು, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ. ಬೈಕ್ ರೇಸ್ ಕೂಡ ಇಡೋದಾದ್ರೆ ಕಥೆ ಬೇರೆ. ಬಿದ್ದು ಜಾರೋ ಸವಾರನಿಗೆ ಜಲ್ಲಿ ಒಳ್ಳೇದು, ಹತ್ತಿರದ ಗೋಡೆ ಕೆಟ್ಟದ್ದು.

ಕರ್ಬ್‌ಕಳ್ಳ:
ಕರ್ಬ್ (ತಿರುವಿನ ಅಂಚಿನ ಬಣ್ಣದ ಪಟ್ಟಿ) ಪಕ್ಕ ಎರಡು ಮೀಟರ್ ಜಲ್ಲಿ, ಅದರ ಹಿಂದೆ ಡಾಂಬರು, ಕೊನೆಗೆ ಟೈರ್ ಗೋಡೆ. ಎರಡು ಮೀಟರ್‌ಗೆ ಕಾರು ಹೂತುಕೊಳ್ಳಲ್ಲ, ಆದರೆ ಟೈಮ್ ಹೋಗುತ್ತೆ. ನನಗೂ ಕರ್ಬ್ ಕದಿಯೋಕೆ ಮನಸ್ಸು ಬರಲ್ಲ.

ಹಳೇ_ಗೇರ್:
ಇಬ್ಬರನ್ನೂ ಖುಷಿಪಡಿಸೋ ರಾಜಿ ಇದು. ಕಲ್ಪನೆಯ ಸರ್ಕ್ಯೂಟ್‌ನಲ್ಲೂ ರಾಜಿಯೇ? ಇರಲಿ, ಆ ಕೊನೆಯ ಬ್ಯಾಂಕಿಂಗ್ ಎಷ್ಟು ಡಿಗ್ರಿ?

ಕಾಗದದ_ಚಾಲಕ:
18. ಝಾಂಡ್‌ವೋರ್ಟ್‌ನ ಕೊನೆ ತಿರುವಿನಷ್ಟೇ.

ಗೆರೆಗಾರ:
ಅಲ್ಲಿ ಅದನ್ನು ಮಾಡಿದ್ದು ಕಾರಣಕ್ಕೆ. ಸ್ಟಾರ್ಟ್ ದಾರಿ ಗಿಡ್ಡ ಇತ್ತು. ಬ್ಯಾಂಕಿಂಗ್ ಕೊಟ್ಟರೆ ತಿರುವಿನಿಂದಲೇ ಫುಲ್ ಥ್ರಾಟಲ್‌ನಲ್ಲಿ ಹೊರಡಬಹುದು, ಮೊದಲ ತಿರುವಿಗೆ ಬರುವಾಗ ವೇಗ ಸಾಕಷ್ಟಿರುತ್ತೆ. ನಿಮಗೆ ಸ್ಟಾರ್ಟ್ ದಾರಿ ಎಷ್ಟಿದೆ?

ಕಾಗದದ_ಚಾಲಕ:
ಕೊನೆ ತಿರುವಿನಿಂದ ಕಿವಿಹಿಂಡಿಗೆ 650 ಮೀಟರ್.

ಗೆರೆಗಾರ:
ಹಾಗಾದ್ರೆ ಇಟ್ಕೊಳ್ಳಿ, ನಿಮಗೂ ಅದೇ ಕಾರಣ ಇದೆ. ಪಿಟ್ ದಾರಿ (ಟೈರ್ ಬದಲಿಸೋಕೆ ಹೋಗೋ ದಾರಿ) ಮಾತ್ರ ಬ್ಯಾಂಕಿಂಗ್‌ನ ಒಳಗಡೆಯಿಂದ, ತಿರುವಿಗಿಂತ ಮೊದಲೇ ಕವಲೊಡೆಯಲಿ. ಈಗಿರೋ ಹಾಗೆ ಬ್ಯಾಂಕಿಂಗ್ ಮಧ್ಯದಿಂದ ಪಿಟ್‌ಗೆ ಇಳಿಸಿದರೆ ನಿಧಾನ ಮಾಡೋನ ಬೆನ್ನಿಗೆ ಇನ್ನೊಬ್ಬ ಬಂದು ಗುದ್ದುತ್ತಾನೆ.

ಹಳೇ_ಗೇರ್:
ಬ್ಯಾಂಕಿಂಗ್ ಇದೆ, ಏರು ಇದೆ, ಜಲ್ಲಿ ಇದೆ. ಶಿಕೇನ್ ಇಲ್ಲ. ಫೈಲ್ ಕಳಿಸಿ, ಮಳೆ ಆನ್ ಮಾಡಿ ಓಡಿಸ್ತೀನಿ. ಮೇಷ್ಟ್ರು ಹೇಳಿದ ನೀರು ಎಲ್ಲಿ ನಿಲ್ಲುತ್ತೆ ನೋಡೋಣ.