‘ರೆಟ್ರೋಫಿಟಿಂಗ್’ಗೆ ಬೋರ್ಡಿನ ಮೇಲೆ ಏನು ಬರೆಸೋಣ? (ತುರ್ತು)

ಅಕ್ಕಲಕೋಟೆಯಿಂದ:

ಹಳೇ ಪೇಟೆಯ ಒಂದು ವಾಡೆಯಲ್ಲಿ (ಹಳೇ ಕಾಲದ ಕಲ್ಲು-ಮಣ್ಣಿನ ದೊಡ್ಡ ಮನೆ) ರೆಟ್ರೋಫಿಟಿಂಗ್, ಅಂದರೆ ಇದ್ದ ಮನೆಯನ್ನೇ ಭೂಕಂಪ ತಾಳುವಂತೆ ಗಟ್ಟಿ ಮಾಡುವ ಕೆಲಸ ನಡೆಯಲಿದೆ, ಅದಕ್ಕೆ ಬೋರ್ಡು ಬರೆಸಬೇಕು. ಪೇಂಟರ್ ನಾಳೆ ಮಧ್ಯಾಹ್ನ ಬರುತ್ತಾನೆ. ಮರಾಠಿ ಒಕ್ಕಣೆ ಕೈಯಲ್ಲಿದೆ: ‘ಪುನರ್ವಸನ ವ ಭೂಕಂಪರೋಧಕ ಮಜಬುತೀಕರಣ’. ಅದರ ಕೆಳಗೆ ಕನ್ನಡಕ್ಕೆ ಎರಡೇ ಸಾಲಿನ ಜಾಗ. ‘ಪುನರ್ವಸತಿ ಮತ್ತು ಭೂಕಂಪ ನಿರೋಧಕ ಮರುಜೋಡಣೆ’ ಎಂದರೆ ನಡೆದೀತೆ? ಒಳಗೆ ನಾಲ್ಕು ಬಿಡಾರ ಇವೆ, ಓದುವವರು ಅವರೇ. ಜೊತೆಗೆ ಗೌಂಡಿಗಳ ಚೀಟಿಗೆ ‘ಥ್ರೂ ಸ್ಟೋನ್’ (ಗೋಡೆಯ ಎರಡೂ ಮೈ ಮುಟ್ಟುವ ಕಲ್ಲು), ‘ಸೈಸ್ಮಿಕ್ ಬೆಲ್ಟ್’ (ಗೋಡೆಗಳ ಸುತ್ತ ಹಾಕುವ ಬಿಗಿಪಟ್ಟಿ) ಇವೆರಡಕ್ಕೂ ಪದ ಬೇಕು.

ಉಮರ್ಗಾದಿಂದ:

ಪುನರ್ವಸತಿ ಬೇಡವೇ ಬೇಡ ರೀ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ಮೇಲೆ 52 ಹಳ್ಳಿಗಳನ್ನು ಎಬ್ಬಿಸಿ ಬೇರೆ ಜಾಗದಲ್ಲಿ ಕಟ್ಟಿದರು. ಅಂದಿನಿಂದ ಈ ಸೀಮೆಯಲ್ಲಿ ಆ ಶಬ್ದಕ್ಕೆ ಊರು ಬಿಡುವುದು ಎಂದೇ ಅರ್ಥ. ಬೋರ್ಡು ನೋಡಿದ ಬಾಡಿಗೆಯವರು ‘ನಮ್ಮನ್ನ ಎಲ್ಲಿಗೆ ಒಯ್ದು ಹಾಕ್ತೀರಿ’ ಅಂತ ಸಂಜೆಯೊಳಗೆ ಬಂದು ನಿಲ್ಲುತ್ತಾರೆ. ಜನಕ್ಕೆ ಪುನರ್ವಸತಿ, ಮನೆಗೆ ದುರಸ್ತಿ. ಮರಾಠಿ ಸಾಲನ್ನೂ ತಿದ್ದಿಸಿರಿ.

‘ಮರುಜೋಡಣೆ’ಯಂತೂ ಅಪಾಯ. ಬಿಚ್ಚಿ ಮತ್ತೆ ಕೂಡಿಸು ಅಂದಂಗಾತು. ಗೌಂಡಿ ಗೋಡೆ ಬಿಚ್ಚಲಿಕ್ಕೆ ಶುರು ಮಾಡಿದರೆ ಯಾರು ಹೊಣೆ?

ಕಾಸರಗೋಡಿನಿಂದ:

‘ದುರಸ್ತಿ’ ಪಾರಸಿ, ‘ಮಜಬೂತು’ ಅರಬಿ, ‘ನಿರೋಧಕ’ ಸಂಸ್ಕೃತ. ಕನ್ನಡಕ್ಕೆ ಉಳಿದದ್ದು ಎಂತದ್ದು ಮಾರಾಯ್ರೆ? ನೆಲನಡುಕವನ್ನು ಯಾವ ಮನೆಯೂ ನಿರೋಧಿಸುವುದಿಲ್ಲ, ತಾಳಿಕೊಳ್ಳುತ್ತದೆ, ಅಷ್ಟೆ. ಹಾಗಾಗಿ ‘ನೆಲನಡುಕ ತಾಳುವಂತೆ ಮನೆ ಬಲಿಸುವಿಕೆ’ ಎಂದು ಬರೆಯಿರಿ. ಬಲಿ, ಬಲಿಸು ಎರಡೂ ಅಚ್ಚಗನ್ನಡ. ಅಂದ ಹಾಗೆ ‘ವಾಡೆ’ ಮರಾಠಿಯಿಂದ ಬಂದದ್ದಲ್ಲ ಅಂತ ನನಗೆ ಕಾಣ್ತದೆ. ಶಾಸನಗಳ ‘ಬಾಡ’ವೇ ಅದು ಎಂದು ನನ್ನ ಊಹೆ.

ಸೊಲ್ಲಾಪುರದಿಂದ:

‘ಮನೆ ಬಲಿ’ ಎಂದು ಅರ್ಧ ಓದಿದವನು ಕೋಳಿ ತರುತ್ತಾನೆ. ಬಿಡಿ.

‘ತಾಳುವಂತೆ’ ಮಾತ್ರ ಒಪ್ಪಿದೆ. ಉಳಿದ ಪದಗಳನ್ನು ಆರಿಸುವ ಮೊದಲು ಕೆಲಸ ನೋಡಬೇಕು. ಈ ವಾಡೆಗಳ ಗೋಡೆ ಒಂದಲ್ಲ, ಎರಡು. ಹೊರಮೈಗೊಂದು ಕಲ್ಲಿನ ಸಾಲು, ಒಳಮೈಗೊಂದು, ನಡುವೆ ಚೂರುಗಲ್ಲು ಮತ್ತು ಕೆಸರು. ನೆಲ ಅಲುಗಿದಾಗ ನಡುವಿನ ಚೂರು ಕೆಳಗಿಳಿದು ಬೆಣೆಯ ಹಾಗೆ ಎರಡೂ ಮೈಯನ್ನು ನೂಕುತ್ತದೆ, ಗೋಡೆ ಹೊಟ್ಟೆ ಬಿಟ್ಟು ಬೀಳುತ್ತದೆ. ಹೊಸ ಗೋಡೆಯಾದರೆ ಎತ್ತರದಲ್ಲಿ 60 ಸೆಂ.ಮೀ.ಗೆ, ಉದ್ದದಲ್ಲಿ 1.2 ಮೀಟರಿಗೆ ಒಂದರಂತೆ ಎರಡೂ ಮೈ ಮುಟ್ಟುವ ಕಲ್ಲು ಕೂಡಿಸುತ್ತಾರೆ. ಅದು ‘ಆರಪಾರ ಕಲ್ಲು’, ಸಂಶಯವಿಲ್ಲ.

ಹಳೇ ಗೋಡೆಯಲ್ಲಿ ಕಲ್ಲು ಹಾಕುವುದೇ ಇಲ್ಲ, ಆದ್ದರಿಂದ ಚೀಟಿಯಲ್ಲಿ ‘ಕಲ್ಲು’ ಎಂದು ಬರೆಯಬೇಡಿ. ಬರೆದರೆ ಎರಡಡಿ ಕಲ್ಲು ಹುಡುಕಿ ತಂದು ಅದಕ್ಕೆ ತಕ್ಕ ದೊಡ್ಡ ಬಾಯಿ ತೆಗೆಯುತ್ತಾರೆ. ಮಾಡಬೇಕಾದದ್ದು ಇಷ್ಟು: ಸುಮಾರು ಮೀಟರಿಗೊಂದು ಗುರುತು, ಮೇಲಿನ ಸಾಲಿನ ಗುರುತು ಕೆಳಗಿನದಕ್ಕಿಂತ ಅರ್ಧ ಮೀಟರ್ ಸರಿದಿರಲಿ. ಗುರುತಿನ ಕಲ್ಲಿನ ಸುತ್ತ ಮಣ್ಣು ಕೆದರಿ, ಸಣ್ಣ ಹಾರೆಯಿಂದ ಅತ್ತಿತ್ತ ಮೆಲ್ಲಗೆ ಅಲುಗಿಸಿ, ಎರಡೂ ಕೈಯಲ್ಲಿ ಹಿಡಿದು ಹೊರಗೆಳೆಯಬೇಕು. ಸುತ್ತಿಗೆ ಏಟು ಬಿತ್ತೋ, ಪಕ್ಕದ ನಾಲ್ಕು ಕಲ್ಲು ಸಡಿಲ. ಒಳಗಿನ ಚೂರು ತೆಗೆದು 75 ಮಿ.ಮೀ. ತೂತು ಸಾಕು. ಎದುರು ಮೈಯ ಕಲ್ಲು ಎಲ್ಲಿದೆ ಎಂದು ಸರಳಿನಿಂದ ತಡವಿ ನೋಡಿ ಅದನ್ನೂ ಹಾಗೆಯೇ ಬಿಡಿಸಬೇಕು. ತೂತು ಬಾಯಲ್ಲಿ ಅಗಲ, ನಡುವೆ ಸಪೂರ ಆಗುತ್ತದೆ. ಆಗಲಿ, ಅದೇ ಹಿಡಿತ. 1:2:4 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟನ್ನು ಅರ್ಧಕ್ಕೆ ತುಂಬಿ, ಎರಡೂ ತುದಿ ಕೊಕ್ಕೆ ಬಗ್ಗಿಸಿದ 8 ಮಿ.ಮೀ. ಸರಳು ಇಟ್ಟು, ಮೇಲೆ ಮತ್ತೆ ಗಿಡಿದು ತುಂಬುವುದು. 10 ದಿನ ನೀರು ಚಿಮುಕಿಸಬೇಕು. ಪೈಪು ಹಿಡಿದರೆ ಕೆಸರು ತೊಳೆದು ಹೋಗುತ್ತದೆ.

ಇದು ‘ಹೊಲಿಗೆ’. ದಾರದ ಬದಲು ಸರಳು. ಚೀಟಿಯಲ್ಲಿ ‘ಗೋಡೆ ಹೊಲಿಗೆ, ಮೀಟರಿಗೊಂದು’ ಎಂದು ಬರೆಯಿರಿ.

ಜತ್ತದಿಂದ:

ಹೊಲಿಗೆ ಪಸಂದಾಗೇದ. ಹಂಗಾರ ಬೆಲ್ಟಿಗೆ ‘ಉಡದಾರ’ ಅನ್ರಿ. ಎಲ್ಲಿಯೂ ಹರಿಯದಂಗ ಸುತ್ತ ಬರಬೇಕು, ಉಡದಾರದ ಗುಣಾನೂ ಅದೇ.

ಸೊಲ್ಲಾಪುರದಿಂದ:

ಕೇಳಲು ಚೆಂದ, ಆದರೆ ಉಡದಾರ ಹೊರಗಷ್ಟೇ ಸುತ್ತುತ್ತದೆ. ಇದು ಒಳಮೈಗೂ ಬೇಕು, ಎರಡನ್ನೂ ಗೋಡೆಯ ಮೂಲಕ ಬಿಗಿಯಬೇಕು. ‘ನಡುಪಟ್ಟಿ’ ಎನ್ನಿ. ಬಾಗಿಲು, ಕಿಟಕಿಗಳ ನೆತ್ತಿಯ ಮೇಲೆ ಹಳೇ ಗಿಲಾವು (ಪ್ಲಾಸ್ಟರ್) ಕೆತ್ತಿ, ಸಂದು ತೊಳೆದು, 1:3 (ಸಿಮೆಂಟು, ಮರಳು) ಸಿಮೆಂಟ್ ಗಿಲಾವಿನ ಒಂದು ಪದರ, ಅದರ ಮೇಲೆ ಬೆಸುಗೆ ಹಾಕಿದ ತಂತಿ ಜಾಳಿಗೆ ಮೊಳೆ ಹೊಡೆದು, ಮತ್ತೊಂದು ಪದರ. ಜಾಳಿಗೆ ಮುಗಿದಲ್ಲಿ ಮುಂದಿನದು ಒಂದು ಅಡಿ ಮೇಲೆ ಬರಬೇಕು. ಕೆಲಸ ಕೆಡುವುದು ಮೂಲೆಯಲ್ಲಿ: ಬಗ್ಗಿಸಲು ಬೇಸರಪಟ್ಟು ಮೂಲೆಗೆ ಕತ್ತರಿಸುತ್ತಾರೆ, ಗೋಡೆ ಬಿರಿಯುವುದೂ ಅಲ್ಲೇ. ಪಟ್ಟಿಯಷ್ಟೇ ಸಿಮೆಂಟು, ಇಡೀ ಗೋಡೆಗೆ ಬಳಿದರೆ ಮಣ್ಣಿನ ತೇವಕ್ಕೆ ಹೊರದಾರಿ ಇರುವುದಿಲ್ಲ.

ಮಾಳಿಗೆಯ (ಮಣ್ಣಿನ ಚಾವಣಿಯ) ಮಾತು ಯಾರೂ ಎತ್ತಲಿಲ್ಲ. ಸೋರಿದಾಗೆಲ್ಲ ಮೇಲೆ ಮಣ್ಣು ಹಾಕಿ ಹಾಕಿ ಎರಡಡಿ ಆಗಿರುತ್ತದೆ, ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ ಒಂದು ಟನ್. ಅದನ್ನು 20 ಸೆಂ.ಮೀ.ಗೆ ಇಳಿಸಬೇಕು. ತೆಗೆದ ಮಣ್ಣನ್ನು ಅಂಕಣದ ನಡುವೆ ಗುಡ್ಡೆ ಹಾಕಿದರೆ ತೊಲೆ ಅಂದೇ ಬಾಗುತ್ತದೆ. ಆ ಕೋಣೆಯವರು ಅಷ್ಟು ದಿನ ಪಡಸಾಲೆಗೆ ಬರಬೇಕು, ಬೋರ್ಡಿನಲ್ಲಲ್ಲ, ಬಾಯಲ್ಲಿ ಹೇಳಿ. ಕಂಬಕ್ಕೂ ತೊಲೆಗೂ ಓರೆಯಾಗಿ ಕಟ್ಟಿಗೆ ಕೊಟ್ಟು ಬಿಗಿಯುವುದು ಇದಾದ ಮೇಲೆ.

ಕಾಸರಗೋಡಿನಿಂದ:

ಗಿಲಾವು, ಪಸಂದು, ಗೌಂಡಿ. ಒಂದಾದರೂ ನಮ್ಮದುಂಟಾ? ಹೀಗೆ ಬಿಡುತ್ತಾ ಹೋದರೆ ಇನ್ನು ‘ಗೋಡೆ’ಯನ್ನೂ ‘ಭಿಂತ’ ಅಂತೀರಿ.

ಉಮರ್ಗಾದಿಂದ:

ಗೌಂಡಿ ನಮ್ಮ ಮನೆ ಕಟ್ಟ್ಯಾನ, ನಮ್ಮವನೇ. ನೀವು ‘ನೆಲನಡುಕ’ ಅಂದರೆ ಇಲ್ಲಿ ಚಳಿಜ್ವರದ ಗುಳಿಗೆ ಕೊಡ್ತಾರ. ಭೂಕಂಪ ಎಂಬ ಶಬ್ದವನ್ನು ಈ ಭಾಗದ ಕೂಸಿಗೂ ಕಲಿಸಬೇಕಾಗಿಲ್ಲ.

ಅಕ್ಕಲಕೋಟೆಯಿಂದ:

ಪೇಂಟರ್ ಬಂದು ಕೂತಿದ್ದಾನೆ. ಹೀಗೆ ಬರೆಸುತ್ತಿದ್ದೇನೆ:

ಹಳೇ ವಾಡೆಯ ದುರಸ್ತಿ.
ಭೂಕಂಪ ತಾಳುವಂತೆ ಗೋಡೆ, ಮಾಳಿಗೆ ಗಟ್ಟಿ ಮಾಡುವ ಕೆಲಸ.

ಚೀಟಿಗೆ ‘ಹೊಲಿಗೆ’, ‘ನಡುಪಟ್ಟಿ’. ಮರಾಠಿಯಲ್ಲೂ ‘ಪುನರ್ವಸನ’ ತೆಗೆಸಿ ‘ದುರುಸ್ತಿ’ ಮಾಡಿಸಿದೆ.

ಕಾಸರಗೋಡಿನಿಂದ:

‘ವಾಡೆ’ಯನ್ನಾದರೂ ‘ಬಾಡ’ ಮಾಡಬಹುದಿತ್ತು.

ಸೊಲ್ಲಾಪುರದಿಂದ:

ಬಾಡ ಊರು, ವಾಡೆ ಮನೆ. ಅದಕ್ಕೆ ಬೇರೆ ಎಳೆ ತೆಗೆಯಿರಿ.