ಅಪ್‌ಡೇಟ್: 52ರಲ್ಲಿ 27 ಕಳೆದು 35 ಬರೆಯುವ ಮಕ್ಕಳು

ಮೂರನೇ ತರಗತಿ ಮಕ್ಕಳು 52 – 27ಕ್ಕೆ 35 ಬರೀತಾರೆ, ಏನು ಮಾಡೋದು ಅಂತ ಕೇಳಿದ್ದೆ. ಕಡ್ಡಿ ಕಟ್ಟು ಬಳಸಿ ಅಂದವರಿಗೆಲ್ಲ ಧನ್ಯವಾದ, ಕೆಲಸ ಮಾಡಿತು. ನಮ್ಮ ತಿಪಟೂರಲ್ಲಿ ತೆಂಗಿನಗರಿ ಕಡ್ಡಿಗೆ ಬರವಿಲ್ಲ. ಹತ್ತು ಕಡ್ಡಿಗೊಂದು ರಬ್ಬರ್ ಬ್ಯಾಂಡ್, ಹತ್ತು ಕಟ್ಟು ಸೇರಿದರೆ ನೂರರ ದೊಡ್ಡ ಕಟ್ಟು. 52 ಅಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. ಎರಡು ಬಿಡಿಯಲ್ಲಿ ಏಳು ತೆಗೆಯೋಕಾಗಲ್ಲ ಅಂತ ಮಗುವೇ ಕಂಡು ಕಟ್ಟು ಬಿಚ್ಚಬೇಕು. ನಾವು ಬಿಚ್ಚಿಕೊಟ್ಟರೆ ಪ್ರಯೋಜನವಿಲ್ಲ. ಬಿಚ್ಚಿದ ಕೂಡಲೇ ಸ್ಲೇಟಲ್ಲಿ 5 ಹೊಡೆದು 4, 2ರ ಜಾಗಕ್ಕೆ 12. ಕಡ್ಡಿ ಮುಗಿಸಿ ಆಮೇಲೆ ಬರೆಸಿದರೆ ಎರಡಕ್ಕೂ ನಂಟೇ ಕೂಡಲ್ಲ.

ಉಳಿದ ತೊಡಕು ನಡುವಿನ ಸೊನ್ನೆ. 302 – 147ಕ್ಕೆ 165 ಬರುತ್ತಿತ್ತು. ನೂರು ಬಿಚ್ಚಿದ ಹತ್ತು ಕಟ್ಟಲ್ಲಿ ಒಂದು ಬಿಡಿಗೆ ಹೋದದ್ದು ಮರೆತು ಹತ್ತೇ ಉಳಿಸಿಕೊಳ್ಳುತ್ತಾರೆ. ಉಳಿದ ಕಟ್ಟು ಮುಟ್ಟಿ ಎಣಿಸಲು ಹೇಳಿದರೆ ಒಂಬತ್ತು ಸಿಗುತ್ತದೆ, ಉತ್ತರ 155.