ಎಂಜಿನ್ ಆಯಿಲನ್ನು ‘ಬಸಿಯಬಹುದೇ’? ಎರಡು ಪದಗಳ ವಿಚಾರ

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ಮಂಡ್ಯದಿಂದ ನಮಸ್ಕಾರಗಳು.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿರುವ ನನ್ನ ಅಕ್ಕನ ಮಗ, ಸ್ನೋಮೊಬೈಲಿನ ಎಂಜಿನ್ ಆಯಿಲನ್ನು ಮನೆಯಲ್ಲೇ ಬದಲಾಯಿಸಿಕೊಳ್ಳುವ ಬಗೆಯನ್ನು ಅಲ್ಲಿನ ಕನ್ನಡದ ಸ್ನೇಹಿತರಿಗಾಗಿ ನಾಲ್ಕು ಪುಟ ಬರೆದು, ಭಾಷೆ ತಿದ್ದಿಕೊಡಬೇಕೆಂದು ನನಗೆ ಕಳಿಸಿದ್ದಾನೆ. ಮುಂದೆ ಎರಡು ಜಾರುಪಟ್ಟಿ, ಹಿಂದೆ ರಬ್ಬರಿನ ಅಗಲ ಬೆಲ್ಟು ಇದ್ದು ಹಿಮದ ಮೇಲೆ ಓಡುವ ಈ ಗಾಡಿಯನ್ನು ಅವನು ‘ಹಿಮವಾಹನ’ ಎಂದು ಕರೆದಿದ್ದ. ಕ್ವಿಬೆಕ್ಕಿನ ಫ್ರೆಂಚರು ‘ಮೋಟೊನೇಜ್’, ಅಂದರೆ ಮೋಟಾರು ಮತ್ತು ಹಿಮ ಎಂಬೆರಡು ಮಾತುಗಳನ್ನು ಕೂಡಿಸಿ ಹೆಸರಿಟ್ಟುಕೊಂಡಿದ್ದಾರೆ. ನಮ್ಮಲ್ಲಿ ಆ ವಸ್ತುವೇ ಇಲ್ಲದ್ದರಿಂದ ಸ್ನೋಮೊಬೈಲ್ ಎಂದೇ ಉಳಿಸಿದ್ದೇನೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಈ ಒಂದು ವಾಕ್ಯದಲ್ಲಿ: “ನಿರ್ಗಮ ತಿರುಪನ್ನು ಸಡಿಲಿಸಿ ತೈಲವನ್ನು ಸಂಪೂರ್ಣವಾಗಿ ವಿಸರ್ಜಿಸಿ.”

ವಿಸರ್ಜನೆ ಎಂದರೆ ನಮಗೆ ಗಣಪತಿಯದು, ವಿಧಾನಸಭೆಯದು, ಇಲ್ಲವೇ ದೇಹದ್ದು. ಹಾಗಾಗಿ ಆ ವಾಕ್ಯವನ್ನು “ಡ್ರೈನ್ ಬೋಲ್ಟು ಬಿಚ್ಚಿ, ಹಳೆಯ ಆಯಿಲನ್ನು ಪೂರ್ತಿ ಬಸಿಯಿರಿ” ಎಂದು ತಿದ್ದಿದೆ. ಅದಕ್ಕೆ ಅವನು ಫೋನಿನಲ್ಲಿ, “ಮಾವ, ಬಸಿಯುವುದು ಅನ್ನದ ಗಂಜಿಯನ್ನಲ್ಲವೇ? ಬಸಿದ ಮೇಲೆ ಪಾತ್ರೆಯಲ್ಲಿ ಏನಾದರೂ ಉಳಿಯಬೇಕು. ಎಂಜಿನ್ನಿನಲ್ಲಿ ಏನು ಉಳಿಯುತ್ತದೆ?” ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಎರಡು ವಾರದಿಂದ ಅದು ನನ್ನನ್ನು ಬಿಟ್ಟಿಲ್ಲ.

ನಮ್ಮ ಸೀಮೆಯ ಬಳಕೆಗಳನ್ನು ನೋಡಿದರೆ ಅವನ ಮಾತಿಗೆ ಬಲವಿದೆ. ಅನ್ನ ಬಸಿದರೆ ಅಗುಳು ಉಳಿಯುತ್ತದೆ, ಗಂಜಿ ಹೋಗುತ್ತದೆ. ಬಸ್ಸಾರು ಎಂಬ ಹೆಸರೇ ಬಸಿದ ಸಾರು ಎಂಬುದರಿಂದ ಬಂದದ್ದು. ಸೊಪ್ಪು ಮತ್ತು ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆಗೆ ಹೆಚ್ಚಾದ ನೀರನ್ನು ಹೊರಗೆ ಒಯ್ಯುವುದು ಬಸಿಗಾಲುವೆ. ಅಲ್ಲಿ ಉಳಿಯುವುದು ಮಣ್ಣು. ಮೂರರಲ್ಲಿಯೂ ಗಟ್ಟಿ ಪದಾರ್ಥವೊಂದು ನಿಂತು ದ್ರವ ಮಾತ್ರ ಹೊರಡುತ್ತದೆ. ಕೊಳದಪ್ಪಲೆಯಲ್ಲಿ ಬರೀ ನೀರಿದ್ದರೆ ನಾವು ಅದನ್ನು ಬಸಿಯುವುದಿಲ್ಲ, ಬಗ್ಗಿಸುತ್ತೇವೆ.

ಆದರೂ ‘ಬಸಿ’ಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಬಗ್ಗಿಸುವುದರಲ್ಲಿ ಮತ್ತು ಸುರಿಯುವುದರಲ್ಲಿ ಕೈಯ ಕೆಲಸವಿದೆ, ಪಾತ್ರೆ ಓರೆಯಾಗಬೇಕು. ಬಸಿಯುವುದರಲ್ಲಿ ದ್ರವವು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ನಾವು ದಾರಿ ಮಾಡಿಕೊಟ್ಟು ಕಾಯುತ್ತೇವೆ. ಈ ಕಾಯುವಿಕೆಯೇ ಇಲ್ಲಿ ಮುಖ್ಯವಾದದ್ದು. ಬೋಲ್ಟು ಬಿಚ್ಚಿದೊಡನೆ ಆಯಿಲ್ ದಪ್ಪ ಧಾರೆಯಾಗಿ ಬಿದ್ದು, ಸ್ವಲ್ಪ ಹೊತ್ತಿಗೆ ನೂಲಿನಂತಾಗಿ, ಆಮೇಲೆ ತೊಟ್ಟಿಕ್ಕಲು ತೊಡಗುತ್ತದೆ. ಆ ತೊಟ್ಟೂ ನಿಲ್ಲುವವರೆಗೆ ಬಿಡದಿದ್ದರೆ ಹಳೆಯದರೊಂದಿಗೆ ಹೊಸದು ಬೆರೆಯುತ್ತದೆ. ಎಷ್ಟೋ ಫೋರ್ ಸ್ಟ್ರೋಕ್ ಸ್ನೋಮೊಬೈಲುಗಳಲ್ಲಿ ಆಯಿಲಿನ ಬಹುಪಾಲು ಎಂಜಿನ್ನಿನ ತಳದಲ್ಲಿ ನಿಲ್ಲದೆ ಪ್ರತ್ಯೇಕವಾದ ಒಂದು ಟ್ಯಾಂಕಿನಲ್ಲಿರುತ್ತದೆಯಾದ್ದರಿಂದ, ಟ್ಯಾಂಕಿನಿಂದ ಒಮ್ಮೆ, ಎಂಜಿನ್ನಿನ ತಳದಿಂದ ಇನ್ನೊಮ್ಮೆ, ಹೀಗೆ ಎರಡು ಕಡೆ ಬಸಿಯಬೇಕಾಗುತ್ತದೆ ಎಂದು ಅವನೇ ಬರೆದಿದ್ದಾನೆ. ಕಬ್ಬಿಣದ ಮೈಗೆ ಅಂಟಿಕೊಂಡು ನಿಂತದ್ದು ನಿಧಾನವಾಗಿ ಇಳಿದುಬರುವುದಕ್ಕೆ ಬೇರೆ ಯಾವ ಕ್ರಿಯಾಪದ ಒಪ್ಪುತ್ತದೆ?

ಗ್ಯಾರೇಜಿನವರ ಬಾಯಲ್ಲಿ ಏನಿದೆ ಎಂದು ತಿಳಿಯಲು ಗುತ್ತಲು ರಸ್ತೆಯ ಕಡೆ ನನ್ನ ಬೈಕು ಬಿಡುವ ಮೆಕ್ಯಾನಿಕ್ಕರ ಬಳಿ ಬೆಳಿಗ್ಗೆ ಒಂದು ಗಂಟೆ ಕುಳಿತು ಬಂದೆ. ಅವರು ಮೊದಲು ಬೈಕನ್ನು ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಟ್ಟರು. ಅರ್ಧ ಕೊಯ್ದ ಹಳೆಯ ಕ್ಯಾನನ್ನು ಕೆಳಗಿಟ್ಟು, ಹದಿನೇಳರ ಸ್ಪ್ಯಾನರಿನಿಂದ ಬೋಲ್ಟನ್ನು ಸಡಿಲಿಸಿ, ಕೊನೆಯ ಸುತ್ತನ್ನು ಬೆರಳಿನಿಂದಲೇ ಬಿಚ್ಚಿ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು. “ಬಿಸಿ ಇರೋವಾಗ್ಲೇ ಇಳ್ಸ್‌ಬುಡ್ಬೇಕು ಸಾ, ತಣ್ಗಾದ್ರೆ ಮಡ್ಡಿ ಒಳ್ಗೇ ಕುಂತ್ಕತದೆ” ಎಂದರು. ಅವರ ಕ್ರಿಯಾಪದ ‘ಇಳಿಸು’. ಆದರೆ ಧಾರೆ ಸಣ್ಣದಾದ ಮೇಲೆ, ವಾಷರನ್ನು ಬಟ್ಟೆಯಲ್ಲಿ ಒರೆಸುತ್ತ, ತಮ್ಮ ಹುಡುಗನಿಗೆ “ಇರ್ಲಿ ಬುಡೋ, ಬಸೀಲಿ” ಎಂದು ಹೇಳಿದರು. ಕೇಳದೆಯೇ ಬಂದ ಆ ಒಂದು ಮಾತು ನನಗೆ ಬಹಳ ಬೆಲೆಯುಳ್ಳದ್ದಾಗಿ ಕಂಡಿತು. ಅವರಲ್ಲಿ ಇಳಿಸುವುದು ಮಾಡುವವನ ಕೆಲಸ, ಬಸಿಯುವುದು ಆಯಿಲಿನ ಕೆಲಸ. ಹಾಗಾದರೆ ‘ಬಸಿಯಲು ಬಿಡಿ’ ಎಂದು ಅಕರ್ಮಕವಾಗಿ ಬರೆದರೆ ಅಳಿಯನ ಆಕ್ಷೇಪಣೆಗೆ ಉತ್ತರ ಸಿಕ್ಕಂತಾಗುವುದೇ? ಇದು ನನ್ನ ಮೊದಲ ಪ್ರಶ್ನೆ.

ಅವರು ಹೇಳಿದ ‘ಮಡ್ಡಿ’ಯನ್ನು ಮರುಮಾತಿಲ್ಲದೆ ಒಪ್ಪಿಕೊಂಡಿದ್ದೇನೆ. ಕಾಫಿಗೆ ಚರಟ, ಎಣ್ಣೆಗೆ ಮಡ್ಡಿ. ಅಳಿಯ ಬರೆದಿದ್ದ ‘ಅವಕ್ಷೇಪ’ ಪ್ರಯೋಗಶಾಲೆಯಲ್ಲೇ ಇರಲಿ. ಹಾಗೆಯೇ ಬೋಲ್ಟು ಬಿಗಿದು ಎಂಜಿನ್ ಓಡಿಸಿದ ಮೇಲೆ ‘ಸೋರಿಕೆಯನ್ನು ಪರಿಶೀಲಿಸಿ’ ಎಂದಿದ್ದ ಕಡೆ ‘ಜಿನುಗುತ್ತಿದೆಯೇ ನೋಡಿ’ ಎಂದು ಮಾಡಿದ್ದೇನೆ, ಏಕೆಂದರೆ ವಾಷರು ಹಳತಾಗಿದ್ದರೆ ಮೊದಲು ಕಾಣುವುದು ಸೋರಿಕೆಯಲ್ಲ, ಜಿನುಗು.

‘ತೈಲ’ವನ್ನು ತೆಗೆದು ‘ಆಯಿಲ್’ ಎಂದು ಮಾಡಿದ್ದಕ್ಕೂ ಕಾರಣ ಹೇಳಬೇಕು. ಎಳ್ಳು ಮತ್ತು ನೆಯ್ ಕೂಡಿ ಎಣ್ಣೆಯಾಯಿತು. ತಿಲದಿಂದ ತೈಲ ಬಂತು. ಇಂಗ್ಲಿಷಿನ ಆಯಿಲ್ ಕೂಡ ಗ್ರೀಕರ ಆಲಿವ್ ಮರದಿಂದ ಲ್ಯಾಟಿನ್ ಮತ್ತು ಫ್ರೆಂಚಿನ ಮೂಲಕ ಇಳಿದುಬಂದದ್ದು. ಮೂರೂ ಬೀಜ ಅಥವಾ ಕಾಯಿ ಹಿಂಡಿ ತೆಗೆದದ್ದರ ಹೆಸರುಗಳೇ ಆಗಿರುವಾಗ ಒಂದು ಹೆಚ್ಚು ಇನ್ನೊಂದು ಕಡಿಮೆ ಎನ್ನಲಾಗದು. ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದ ಕಾಲದಲ್ಲಿ ನಮ್ಮವರು ಅದನ್ನು ಕೀಲೆಣ್ಣೆ ಎನ್ನುತ್ತಿದ್ದರು, ಮತ್ತು ಆ ಮಾತು ಇಂದಿಗೂ ಎಷ್ಟು ಸೊಗಸಾಗಿದೆ! (ಕ್ಯಾಸ್ಟ್ರಾಲ್ ಎಂಬ ಹೆಸರೂ ಇಂಗ್ಲಿಷಿನಲ್ಲಿ ಹರಳೆಣ್ಣೆಗಿರುವ ಹೆಸರಿನಿಂದಲೇ ಹುಟ್ಟಿದ್ದು.) ಆದರೆ ಇಂದು ಮಂಡ್ಯ, ಮೈಸೂರುಗಳಲ್ಲಿ ಎಣ್ಣೆ ಎಂದರೆ ಅಡುಗೆಯದು, ತಲೆಗೆ ಹಚ್ಚುವುದು, ಇಲ್ಲವೇ ಕುಡಿಯುವುದು, ಎಂಜಿನ್ನಿಗೆ ಹಾಕುವುದು ಮಾತ್ರ ಆಯಿಲ್. ಜನ ತಾವಾಗಿ ಮಾಡಿಕೊಂಡ ಈ ವಿಂಗಡಣೆ ಉಪಯುಕ್ತವಾದದ್ದು, ಅದನ್ನು ಕೆಡಿಸಬಾರದು. ಇನ್ನೊಂದು ಸೂಕ್ಷ್ಮವಿದೆ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳಾದ್ದರಿಂದ ಅವುಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದೆವು; ಅದು ಉರಿದುಹೋಗುತ್ತಿತ್ತೇ ಹೊರತು ಬದಲಾಯಿಸುವ ಮಾತಿರಲಿಲ್ಲ, ಬದಲಾಯಿಸುತ್ತಿದ್ದದ್ದು ಗೇರ್‌ಬಾಕ್ಸಿನದನ್ನು ಮಾತ್ರ. ಟೂ ಸ್ಟ್ರೋಕ್ ಸ್ನೋಮೊಬೈಲುಗಳೂ ಹೀಗೆಯೇ ಆಯಿಲನ್ನು ಉರಿಸುತ್ತವೆ. ಆದ್ದರಿಂದ ಅಳಿಯನ ಬರಹದ ಮೊದಲ ಸಾಲಿನಲ್ಲೇ ಇದು ಫೋರ್ ಸ್ಟ್ರೋಕಿನವರಿಗೆ ಎಂದು ಸೇರಿಸಿಸಿದ್ದೇನೆ.

ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾದದ್ದು: ಹರಿಯುವುದಕ್ಕೆ ಆಯಿಲ್ ಒಡ್ಡುವ ತಡೆಯನ್ನು ಕನ್ನಡದಲ್ಲಿ ಏನೆಂದು ಕರೆಯುವುದು? ಸ್ನೋಮೊಬೈಲಿನ ಆಯಿಲ್ ಡಬ್ಬದ ಮೇಲೆ 0ಡಬ್ಲ್ಯು-40 ಎಂದಿರುತ್ತದೆ. ನಮ್ಮ ಬೈಕುಗಳಿಗೆ ಬಹುಕಾಲದಿಂದ ಪರಿಚಿತವಾದದ್ದು 20ಡಬ್ಲ್ಯು-40. ಡಬ್ಲ್ಯು ಎಂಬುದು ಇಂಗ್ಲಿಷಿನಲ್ಲಿ ಚಳಿಗಾಲವನ್ನು ಸೂಚಿಸುವ ಅಕ್ಷರ. 20ರ ಗುಂಪಿನ ಆಯಿಲು ಎಂಜಿನ್ನನ್ನು ತಿರುಗಗೊಡುವುದೇ ಎಂಬುದನ್ನು ಮೈನಸ್ 15 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೂ, 0 ಗುಂಪಿನದನ್ನು ಮೈನಸ್ 35ರಲ್ಲಿಯೂ ಪರೀಕ್ಷಿಸುತ್ತಾರೆ. 40 ಎಂಬುದು ಆ ತಡೆಯ ಗುಣವನ್ನು 100 ಡಿಗ್ರಿಯಲ್ಲಿ ಅಳೆದು ಕೊಟ್ಟ ಅಂಕ. ಈ ಗುಣಕ್ಕೆ ಪಠ್ಯಪುಸ್ತಕಗಳಲ್ಲಿರುವ ಹೆಸರು ‘ಸ್ನಿಗ್ಧತೆ’. ಸ್ನಿಗ್ಧ ಎಂದರೆ ಜಿಡ್ಡುಳ್ಳದ್ದು, ನುಣುಪಾದದ್ದು, ಒಲವುಳ್ಳದ್ದು. ಸ್ನೇಹ ಎಂಬ ಪದಕ್ಕೂ ಜಿಡ್ಡು ಮತ್ತು ಪ್ರೀತಿ ಎಂಬ ಎರಡೂ ಅರ್ಥಗಳಿವೆ. ಹೀಗಾಗಿ ‘ಚಳಿಯಲ್ಲಿ ಸ್ನಿಗ್ಧತೆ ಹೆಚ್ಚುತ್ತದೆ’ ಎಂದು ಓದಿದವನು ಚಳಿಯಲ್ಲಿ ಆಯಿಲ್ ಇನ್ನಷ್ಟು ನುಣುಪಾಗಿ ಸರಾಗವಾಗುತ್ತದೆಂದು ತಿಳಿದರೆ ತಪ್ಪು ಅವನದಲ್ಲ.

ನಾನು ‘ಮಂದ’ ಎಂದು ಬರೆದಿದ್ದೇನೆ. ಗಟ್ಟಿತನವೂ ನಿಧಾನವೂ ಒಂದೇ ಪದದಲ್ಲಿ ಸೇರಿವೆ. ಆಲೆಮನೆಯಲ್ಲಿ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕೊಪ್ಪರಿಗೆಯಲ್ಲಿ ಕುದಿಯುವಾಗ ಸರಾಗವಾಗಿ ಹರಿಯುವ ಪಾಕ, ಆರುತ್ತ ಬಂದಂತೆ ಸೌಟಿನಿಂದ ಬಿಡಲೊಲ್ಲದೆ ಎಳೆಯೆಳೆಯಾಗಿ ಇಳಿಯುತ್ತದೆ. ‘ಹೆರೆ’ ಎಂಬ ಕ್ರಿಯಾಪದವನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಡಿಸೆಂಬರಿನಲ್ಲಿ ನಮ್ಮ ಮನೆಯ ತುಪ್ಪ ಮತ್ತು ಕೊಬ್ಬರಿ ಎಣ್ಣೆ ಹೆರೆಯುತ್ತವೆ, ಅಂದರೆ ಬಿಳುಪಾಗಿ ಗಟ್ಟಿಕಟ್ಟುತ್ತವೆ. ಕ್ವಿಬೆಕ್ಕಿನ ಚಳಿಯಲ್ಲಿಯೂ ಹೆರೆಯದೆ, ಮಂದವಾದರೂ ಹರಿಯುತ್ತಲೇ ಇರುವುದಕ್ಕಾಗಿಯೇ 0 ಗುಂಪಿನ ಆಯಿಲನ್ನು ಆರಿಸುವುದು. ಅಳಿಯನ ‘ಬಿಸಿಯಾದಾಗ 40ರಷ್ಟು ಗಟ್ಟಿಯಾಗುತ್ತದೆ’ ಎಂಬ ವಾಕ್ಯವಂತೂ ಭಾಷೆಯಲ್ಲಿ ಮಾತ್ರವಲ್ಲ, ವಿಷಯದಲ್ಲಿಯೂ ತಪ್ಪು. ಬಿಸಿಯಾದಾಗ ಎಲ್ಲ ಆಯಿಲೂ ತೆಳುವಾಗುತ್ತದೆ. ಅದನ್ನು ‘ಕಾದಾಗಲೂ ತೀರಾ ನೀರಾಗದೆ 40ರ ಮಟ್ಟಕ್ಕೆ ನಿಲ್ಲುತ್ತದೆ’ ಎಂದು ತಿದ್ದಿದ್ದೇನೆ.

ವಿಶೇಷಣವಾಗಿ ‘ಮಂದ’ ಸಾಲುತ್ತದೆ, ನಾಮಪದವಾಗಿ ಸಾಲುತ್ತಿಲ್ಲ. ‘ಮಂದತೆ’ ಎಂದರೆ ಬುದ್ಧಿಯ ಕಡೆಗೆ ವಾಲುತ್ತದೆ, ‘ಮಂದತನ’ ಎಂದರೂ ಅಷ್ಟೇ. ‘ಹದ’ ಎನ್ನೋಣವೆಂದರೆ ಅದರಲ್ಲಿ ಅಳತೆಗಿಂತ ಒಪ್ಪಿಗೆಯ ಅರ್ಥವೇ ಮುಂದಾಗುತ್ತದೆ. ಎಣ್ಣೆಗಾಣ, ಆಲೆಮನೆ ಅಥವಾ ಗ್ಯಾರೇಜಿನ ಒಡನಾಟವುಳ್ಳವರು ದಯವಿಟ್ಟು ತಮ್ಮ ಕಡೆ ಕಿವಿಯಾರೆ ಕೇಳಿದ ಮಾತನ್ನು, ಯಾವ ಸಂದರ್ಭದಲ್ಲಿ ಕೇಳಿದ್ದೆಂಬ ವಿವರದೊಂದಿಗೆ ತಿಳಿಸಬೇಕು. ಅಳಿಯನ ಊರಿನಲ್ಲಿ ಹಿಮ ಕರಗಿ, ಗಾಡಿಯನ್ನು ಆಯಿಲ್ ಬದಲಾಯಿಸಿ ಬೇಸಗೆಗೆ ಎತ್ತಿಡುವ ಹೊತ್ತಿಗೆ ಬರಹವನ್ನು ಹಿಂದಿರುಗಿಸುತ್ತೇನೆಂದು ಮಾತು ಕೊಟ್ಟಿದ್ದೇನೆ.